ಸತ್ಯಾಂಶ: ಲಂಡನ್ ಕಲಾ ಸಂಘದ ಗೋದಾಮು ಎಲ್ಲಿದೆ?

ಧಾರವಾಡದ ಚಿತ್ರಕಲಾ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರ್ವರ್ಡ್ ಮತ್ತೆ ಸುತ್ತುತ್ತಿದೆ: ‘ಲಂಡನ್ನಿನ ಕಾಂಟೆಂಪರರಿ ಆರ್ಟ್ ಸೊಸೈಟಿ ನೂರು ವರ್ಷದಿಂದ ಚಿತ್ರ ಕೊಂಡು ಗೋದಾಮಿನಲ್ಲಿಟ್ಟು, ಕಲಾವಿದ ಸತ್ತ ಮೇಲೆ ಮಾರುತ್ತದೆ.’

ಹಾಗಿಲ್ಲ. 1910ರಲ್ಲಿ ಹುಟ್ಟಿದ ಈ ಸಂಘ ಕೊಳ್ಳುವುದೇ ಕೊಡುವುದಕ್ಕೆ. ಬದುಕಿರುವ ಕಲಾವಿದರ ಕೃತಿ ಕೊಂಡು ಬ್ರಿಟನ್ನಿನ ಸಾರ್ವಜನಿಕ ಮ್ಯೂಸಿಯಂಗಳಿಗೆ ದಾನ ಮಾಡುತ್ತದೆ. ಆಗ ಅಲ್ಲಿನ ಸರ್ಕಾರಿ ಗ್ಯಾಲರಿಗಳು ಹೊಸ ಕಲೆಯ ಕಡೆ ಅಷ್ಟಾಗಿ ಕಣ್ಣೆತ್ತಿ ನೋಡುತ್ತಿರಲಿಲ್ಲ. ವಿಮರ್ಶಕ ರೋಜರ್ ಫ್ರೈ ಮೊದಲಾದವರು ಚಂದಾ ಎತ್ತಿದರು, ನಮ್ಮಲ್ಲಿ ಜಾತ್ರೆಗೆ ಪಟ್ಟಿ ಎತ್ತಿದ ಹಾಗೆ.

ಬ್ರಿಟಿಷ್ ಚಿತ್ರಕಾರ ಅಗಸ್ಟಸ್ ಜಾನ್ ಬಿಡಿಸಿದ ‘ನಗುವ ಹೆಂಗಸು’ ಚಿತ್ರವನ್ನೇ ನೋಡಿ. ಈಗದು ಬ್ರಿಟನ್ನಿನ ಸಾರ್ವಜನಿಕ ಕಲಾ ಮ್ಯೂಸಿಯಂ ಆದ ಟೇಟ್‌ನ ಸಂಗ್ರಹದಲ್ಲಿದೆ; ವಿವರದಲ್ಲಿ ‘ಕಾಂಟೆಂಪರರಿ ಆರ್ಟ್ ಸೊಸೈಟಿಯ ಕೊಡುಗೆ, 1917’ ಎಂದಿದೆ. ಗುಡಿಯ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಸಿದಂತೆಯೇ, ಸ್ವಲ್ಪ ಸಣ್ಣ ಅಕ್ಷರದಲ್ಲಿ.