ಬೆಕ್ಕಿನ ಬಾಯಿಗೆ ಎರಡು ಪೆನ್ನಿ

ರದ್ದು ಮಾಡುವ ನಿಯಮವೇ ರದ್ದಾದ ಸುದ್ದಿ ನೀವೂ ಓದಿರುತ್ತೀರಿ. ಚಂದಾ ಬಿಡುವುದು, ಸೇರಿದಷ್ಟೇ ಸುಲಭವಾಗಿರಬೇಕು ಅಂತ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ 2024ರ ಅಕ್ಟೋಬರ್‌ನಲ್ಲಿ ನಿಯಮ ಮಾಡಿತು. 2025ರ ಜುಲೈನಲ್ಲಿ, ಪೂರ್ತಿ ಜಾರಿಗೆ ಬರಲು ಇನ್ನೊಂದು ವಾರ ಇದೆ ಅನ್ನುವಾಗ, ಕೋರ್ಟು ಅದನ್ನು ಹೊಡೆದುಹಾಕಿತು. ಮೊದಲೇ ಮಾಡಬೇಕಿದ್ದ ಲಾಭನಷ್ಟದ ವಿಶ್ಲೇಷಣೆಯೊಂದು ಬಿಟ್ಟುಹೋಗಿತ್ತಂತೆ. ಇಷ್ಟು ಸಲೀಸಾಗಿ ಏನಾದರೂ ರದ್ದಾಗಿದ್ದನ್ನು ನಾನು ಈಚೆಗೆ ನೋಡಿದ್ದು ಅದೊಂದೇ.

ನನಗ್ಯಾಕೆ ಇಷ್ಟು ಸಂಕಟ ಅಂದರೆ, ನಾನೂ ಒಬ್ಬ ಚಂದಾದಾರ. ಪತ್ರಿಕೆಗಲ್ಲ, ಜಿನ್‌ಗೆ.

ತಿಂಗಳಿಗೊಂದು ಬಾಕ್ಸು ಮನೆಗೇ ಬರುತ್ತದೆ. ಸೇರುವಾಗ ಒಂದೇ ಒಂದು ಬಟನ್ ಒತ್ತಿದ್ದೆ, ಅದೂ ರಾತ್ರಿ ಹನ್ನೊಂದಕ್ಕೆ, ನಿದ್ದೆಗಣ್ಣಲ್ಲಿ. ಮೊದಲ ತಿಂಗಳು ಅರ್ಧ ಬೆಲೆ. ಚಕ್ರವ್ಯೂಹಕ್ಕೆ ಹೋದ ಅಭಿಮನ್ಯುವಿಗೂ ಯಾರೂ ಹೀಗೆ ಆಸೆ ತೋರಿಸಿರಲಿಲ್ಲ, ಪಾಪ.

ಮೊದಲ ಬಾಕ್ಸು ಬಂದಾಗ ಚಾಕು ತಂದು ಟೇಪು ಸೀಳಿದೆ. ಮೇಲೆ ಸಣ್ಣಗೆ ಕತ್ತರಿಸಿದ ಕಾಗದದ ರಾಶಿ. ಕೈ ಹಾಕಿ ಹುಡುಕಿದಂತೆ ಒಂದೊಂದೇ ಸಿಕ್ಕವು: ಜಿನ್‌ಗೆ ಬೆರೆಸುವ ಟಾನಿಕ್ ನೀರಿನ ಎರಡು ಕ್ಯಾನು, ದಪ್ಪ ಹಾಳೆಯ ಮ್ಯಾಗಜೀನು, ಪ್ಲಾಸ್ಟಿಕ್ ಚೀಲದಲ್ಲಿ ಒಣಗಿಸಿದ ಕಿತ್ತಳೆಯ ಒಂದೇ ಒಂದು ಬಿಲ್ಲೆ, ಆಮೇಲೆ ಬಾಟಲಿ. ಮನೆಯವಳು ನೆಲದ ಮೇಲೆ ಹರಡಿದ ಕಾಗದ ನೋಡಿ, "ಏನ್ರೀ ಇದು, ಬಾಟಲಿಗಿಂತ ರದ್ದಿನೇ ಜಾಸ್ತಿ ಇದೆ" ಅಂದಳು.

ರದ್ದಿ ಅನ್ನಬಾರದು. ಅದರಲ್ಲಿ ಜಿನ್ ಮಾಡಿದವನ ಕಥೆಯ ಕಾರ್ಡೂ ಇತ್ತು. ಆರು ತಿಂಗಳಿಂದ ಓದುತ್ತಿದ್ದೇನೆ, ಊರು ಬೇರೆ, ಕಥೆ ಒಂದೇ. ಒಳ್ಳೆಯ ಕೆಲಸದಲ್ಲಿದ್ದ ಒಬ್ಬನಿಗೆ ಒಂದು ಮಳೆಗಾಲದ ಸಂಜೆ ಜೀವನ ಬೇಸರವಾಗುತ್ತದೆ. ರಾಜೀನಾಮೆ ಕೊಟ್ಟು ಭಟ್ಟಿ ಇಳಿಸುವ ತಾಮ್ರದ ಹಂಡೆ ಕೊಳ್ಳುತ್ತಾನೆ. ಹಂಡೆಗೆ ಅಜ್ಜಿಯ ಹೆಸರಿಡುತ್ತಾನೆ. ಅಜ್ಜಿಗೆ ಇದು ಗೊತ್ತಿದ್ದರೆ ಏನನ್ನುತ್ತಿದ್ದಳೋ. ಜಿನ್ ಮಾಡುವ ಬಹಳಷ್ಟು ಜನ ಸ್ಪಿರಿಟ್ಟನ್ನು, ಅಂದರೆ ಮದ್ಯಸಾರವನ್ನು, ಹೊರಗಿನಿಂದ ಕೊಂಡುತಂದು, ಅದಕ್ಕೆ ಜುನಿಪರ್, ಕೊತ್ತಂಬರಿ ಬೀಜ, ಏಂಜೆಲಿಕಾ ಬೇರು, ನಿಂಬೆ ಸಿಪ್ಪೆ ಹಾಕಿ ಮತ್ತೊಮ್ಮೆ ಭಟ್ಟಿ ಇಳಿಸುತ್ತಾರೆ ಅನ್ನೋದು ಮಾತ್ರ ಯಾವ ಕಾರ್ಡಲ್ಲೂ ಇಲ್ಲ. ಅದರಲ್ಲಿ ತಪ್ಪೇನೂ ಇಲ್ಲ, ಜಿನ್ ಅಂದರೆ ಅದೇ. ಆದರೆ ಕೊಂಡ ಸ್ಪಿರಿಟ್ಟಿನಲ್ಲಿ ಅಜ್ಜಿ ಎಲ್ಲಿಂದ ಬಂದಳು?

ಈ ಲೋಕವೇ ಹಾಗೆ. ಜುನಿಪರ್ ಬೆರ್ರಿ ಅನ್ನುತ್ತಾರೆ, ಅದು ಬೆರ್ರಿಯಲ್ಲ, ಪೈನ್ ಮರದ ನೆಂಟ ಗಿಡವೊಂದರ ಕೋನು. ಒಂದು ಬಗೆಯ ಜಿನ್‌ಗೆ ಲಂಡನ್ ಡ್ರೈ ಅನ್ನುತ್ತಾರೆ, ಅದನ್ನು ಲಂಡನ್‌ನಲ್ಲೇ ಮಾಡಬೇಕಂತಿಲ್ಲ.

ಮೂರನೇ ತಿಂಗಳು ನೀಲಿ ಜಿನ್ ಬಂತು. ಶಂಖಪುಷ್ಪ ಹಾಕಿದ್ದು. ಟಾನಿಕ್ ಸುರಿದರೆ ನೀಲಿ ಹೋಗಿ ನಸುಗೆಂಪು. ಸುಳ್ಳು ಯಾಕೆ, ಖುಷಿಯಾಯಿತು. ಇಬ್ಬರೂ ಗ್ಲಾಸಿಗೆ ಮೂಗು ತಾಗಿಸಿ ನೋಡಿದೆವು. ಟಾನಿಕ್ಕಿನ ಹುಳಿಗೆ ಹೂವಿನ ಬಣ್ಣ ತಿರುಗುತ್ತದೆ, ಅಷ್ಟೇ. ಇದನ್ನೇ ಸ್ಕೂಲಿನ ಲ್ಯಾಬಿನಲ್ಲಿ ಲಿಟ್ಮಸ್ ಕಾಗದದಲ್ಲಿ ಬಿಟ್ಟಿಯಾಗಿ ಮಾಡಿದ್ದೆ. ಆಗ ಮೇಷ್ಟ್ರು ಈ ಕಂಪನಿಯವರ ಹಾಗೆ ಇದನ್ನು 'ಅನುಭವ' ಅಂತ ಕರೆದಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಬಾಟಲಿ 700 ಮಿ.ಲೀ. 25 ಮಿ.ಲೀ. ಅಳತೆಯಲ್ಲಿ 28 ಸಲ. ದಿನಕ್ಕೊಂದರಂತೆ ಕುಡಿದರೆ ಫೆಬ್ರವರಿ ಸರಿಹೋಗುತ್ತದೆ. ನಾವು ವಾರಕ್ಕೊಂದು ಸಲ ಗ್ಲಾಸು ತೆಗೆದರೆ ಹೆಚ್ಚು. ಹಾಗಾಗಿ ಕಪಾಟಿನಲ್ಲಿ ಬಾಟಲಿಗಳು ಸಾಲಾಗಿ ನಿಂತಿವೆ, ಕ್ಲಾಸ್ ಫೋಟೋಕ್ಕೆ ನಿಂತ ಹಾಗೆ. ಇಟ್ಟಷ್ಟೂ ರುಚಿ ಏರುತ್ತೆ ಅನ್ನೋ ಸಮಾಧಾನವೂ ಇಲ್ಲ, ಬಾಟಲಿಯಲ್ಲಿಟ್ಟ ಜಿನ್ ಹಣ್ಣಾಗುವುದಿಲ್ಲ. ಸುಮ್ನೆ ಜಾಗ ತಿನ್ನುತ್ತದೆ.

ಜಿನ್ ವ್ಯಾಪಾರಕ್ಕೂ ಮರ್ಯಾದೆಯ ಕಾಲವೊಂದಿತ್ತು. ಲಂಡನ್‌ನ ಬಡವರು ಜಿನ್‌ಗೆ ಬಿದ್ದು ಹಾಳಾಗುತ್ತಿದ್ದಾರೆ ಅಂತ 1736ರಲ್ಲಿ ಕಾಯ್ದೆ ಬಂತು. ಮಾರುವವನು ವರ್ಷಕ್ಕೆ 50 ಪೌಂಡ್ ಕಟ್ಟಿ ಲೈಸೆನ್ಸ್ ತಗೋಬೇಕು. ಆ ಕಾಲದ ಗಲ್ಲಿ ಅಂಗಡಿಯವನು ಅಷ್ಟು ದುಡ್ಡು ಕಂಡೇ ಇರಲಿಲ್ಲ. ಕದ್ದು ಮಾರುವವರನ್ನು ಹಿಡಿದುಕೊಟ್ಟವರಿಗೆ ಬಹುಮಾನ ಬೇರೆ. ಆಗ ಡಡ್ಲಿ ಬ್ರಾಡ್‌ಸ್ಟ್ರೀಟ್ ಅನ್ನೋ ಆಸಾಮಿ ಇನ್ನೊಬ್ಬರ ಹೆಸರಲ್ಲಿ ಮನೆ ಹಿಡಿದ. ಕಿಟಕಿಗೆ ಬೆಕ್ಕಿನ ಬೋರ್ಡು ಹೊಡೆದ. ಬೆಕ್ಕಿನ ಪಂಜದ ಕೆಳಗೊಂದು ಸೀಸದ ಕೊಳವೆ. ಬೀದಿಯಲ್ಲಿ ನಿಂತವನು ಬೆಕ್ಕಿನ ಬಾಯಿಗೆ ಕಾಸು ಹಾಕಿ "ಪುಸ್, ಎರಡು ಪೆನ್ನಿ ಜಿನ್ ಕೊಡು" ಅನ್ನಬೇಕು. ಇವನು ಒಳಗಿಂದ ಸುರಿಯುತ್ತಾನೆ. ಮಾರಿದವನ ಮುಖ ಕಾಣಲ್ಲ, ಹೆಸರು ಗೊತ್ತಿಲ್ಲ, ದೂರು ಕೊಡೋದು ಯಾರ ಮೇಲೆ? 1755ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ, ಸ್ವಲ್ಪ ಉಪ್ಪುಖಾರ ಹಚ್ಚಿರಲೂಬಹುದು.

ಕಳ್ಳ ವ್ಯಾಪಾರವೇ, ಒಪ್ಪಿದೆ. ಆದರೆ ಆ ಬೆಕ್ಕಿನ ಸಭ್ಯತೆ ನೋಡಿ. ಎರಡು ಪೆನ್ನಿ ಹಾಕಿದರೆ ಎರಡು ಪೆನ್ನಿಯ ಜಿನ್. ಮುಂದಿನ ತಿಂಗಳು ನಿಮ್ಮ ಜೇಬಿಗೆ ತಾನಾಗಿ ಪಂಜ ಹಾಕುತ್ತಿರಲಿಲ್ಲ. "ನೀವು ನಮ್ಮ ಕುಟುಂಬದವರು" ಅಂತ ಮಿಯಾಂವ್ ಅನ್ನುತ್ತಿರಲಿಲ್ಲ.

ನಮ್ಮ ಕಂಪನಿ ಅನ್ನುತ್ತದೆ. ಚಂದಾ ನಿಲ್ಲಿಸಲು ಹೋದೆ. ಮೊದಲ ಪುಟದಲ್ಲಿ ಅಳುಮುಖದ ಜುನಿಪರ್ ಕಾಯಿಯ ಚಿತ್ರ. ಎರಡನೇ ಪುಟದಲ್ಲಿ ಎರಡು ಬಟನ್: 'ಇಲ್ಲೇ ಇರುತ್ತೇನೆ', 'ಬೇಡ, ನನಗೆ ಒಳ್ಳೆಯ ಜಿನ್ ಇಷ್ಟವಿಲ್ಲ'. ಮರ್ಯಾದೆ ಬಿಟ್ಟು ಎರಡನೆಯದನ್ನೇ ಒತ್ತಿದೆ. ಮೂರನೇ ಪುಟದಲ್ಲಿ ಫೋನ್ ನಂಬರು. ಸೇರುವಾಗ ಬೇಡವಾಗಿದ್ದ ಫೋನು ಬಿಡುವಾಗ ಯಾಕೆ ಬೇಕು? ಇಪ್ಪತ್ತು ನಿಮಿಷ ಪಿಯಾನೋ ಕೇಳಿದ ಮೇಲೆ ಒಬ್ಬ ಹುಡುಗ ಸಿಕ್ಕಿದ. "ನಿಮ್ಮ ಜಿನ್ ಪಯಣದಲ್ಲಿ ಎಲ್ಲಿ ಬೇಸರವಾಯ್ತು ಸರ್?" ಅಂದ. ಪಯಣ ಎಲ್ಲಪ್ಪ, ಸೋಫಾ ಬಿಟ್ಟು ಎದ್ದಿಲ್ಲ ನಾನು. "ಹಾಗಾದರೆ ಮೂರು ತಿಂಗಳು ರಿಯಾಯಿತಿ ಕೊಡ್ತೀವಿ ಸರ್." ಬೇಡ. "ಒಂದು ತಿಂಗಳು ವಿರಾಮ ಕೊಡೋಣ್ವಾ ಸರ್?" ಅವನ ತಪ್ಪಲ್ಲ. ಎದುರಿಗೆ ಬರೆದಿಟ್ಟಿದ್ದನ್ನು ಓದುತ್ತಿದ್ದ, ದನಿಯಲ್ಲೇ ಗೊತ್ತಾಗುತ್ತಿತ್ತು.

ನನ್ನದು ಬಿಡಿ, ನನಗೆ ಕಪಾಟಿನಲ್ಲಿ ಜಾಗ ಇಲ್ಲ, ಅಷ್ಟೇ ತಾಪತ್ರಯ. ಆದರೆ ಇದೇ ನಂಬರಿಗೆ, ಕುಡಿಯೋದನ್ನು ಬಿಡಬೇಕು ಅಂತ ಹಲ್ಲು ಕಚ್ಚಿ ತೀರ್ಮಾನ ಮಾಡಿದವನೂ ಫೋನ್ ಮಾಡುತ್ತಾನಲ್ವಾ? ಅವನಿಗೂ ಅಳುಮುಖ ತೋರಿಸುತ್ತಾರೆ. ಅವನಿಗೂ ಮೂರು ತಿಂಗಳು ರಿಯಾಯಿತಿ. ಅವನು ಇಪ್ಪತ್ತು ನಿಮಿಷ ಕಾದು, ಸಾಕಾಗಿ, ಫೋನಿಟ್ಟುಬಿಟ್ಟರೆ ಮುಂದಿನ ತಿಂಗಳು ಬಾಗಿಲಿಗೇ ಬಾಟಲಿ. ಇದನ್ನು ಯಾರೋ ಮೀಟಿಂಗಿನಲ್ಲಿ ಕೂತು ಯೋಚಿಸಿ ಮಾಡಿದ್ದಾರೆ. ಜರ್ಮನಿಯಲ್ಲಿ 2022ರ ಜುಲೈನಿಂದ ವೆಬ್‌ಸೈಟಿನಲ್ಲೇ ರದ್ದು ಬಟನ್ ಇರಲೇಬೇಕು ಅಂತ ಕಾನೂನಿದೆ. ಒಂದು ಬಟನ್. ಅದನ್ನು ಹಾಕೋಕೆ ಯಾವ ದೊಡ್ಡ ವಿಜ್ಞಾನವೂ ಬೇಡ. ನಾಚಿಕೆಯಾಗಬೇಕು.

ಕೊನೆಗೆ ಹುಡುಗ ಸೋತು ಒಂದು ಲಿಂಕ್ ಕಳಿಸಿದ. 'ಬಿಡಲು ಕಾರಣ ಆರಿಸಿ' ಅಂತಿತ್ತು. ಬಾಟಲಿ ಜಾಸ್ತಿಯಾಗಿದೆ, ಮನೆ ಬದಲಿಸುತ್ತಿದ್ದೇನೆ, ರುಚಿ ಹಿಡಿಸಲಿಲ್ಲ, ಇತರೆ. 'ಕುಡಿಯೋದು ಬಿಟ್ಟೆ' ಅನ್ನೋದು ಪಟ್ಟಿಯಲ್ಲೇ ಇಲ್ಲ. ನಾನು 'ಇತರೆ' ಒತ್ತಿದೆ. ಕನಿಷ್ಠ 50 ಅಕ್ಷರದಲ್ಲಿ ವಿವರಿಸಿ ಅಂದರು. ಬೆಕ್ಕಿನ ಕಥೆಯನ್ನೇ ಪೂರ್ತಿ ಬರೆದು ಕಳಿಸಿದೆ.

ಎರಡು ನಿಮಿಷಕ್ಕೆ ಉತ್ತರ ಬಂತು. "ನಿಮ್ಮ ಮುದ್ದಿನ ಬೆಕ್ಕಿನ ಬಗ್ಗೆ ಹಂಚಿಕೊಂಡಿದ್ದಕ್ಕೆ ಧನ್ಯವಾದಗಳು. ಮುಂದಿನ ಬಾಕ್ಸ್ ಆಗಲೇ ಹೊರಟಿದೆ."