ಟವೆಲ್ ಹಿಡಿದು ಅರಣ್ಯ ಸ್ನಾನಕ್ಕೆ

ಮನೆಯಲ್ಲಿ ಸುಮ್ನೆ ಕೂತರೆ ಅದಕ್ಕೆ ಸೋಮಾರಿತನ ಅಂತಾರೆ. ಅದೇ ಮರದ ಕೆಳಗೆ ನೋಟ್‌ಬುಕ್ ಹಿಡಿದು ಸುಮ್ನೆ ಕೂತರೆ ಚಿಂತನೆ, ಏಕಾಂತ, ಸೃಜನಶೀಲತೆ ಅಂತ ದೊಡ್ಡ ದೊಡ್ಡ ಹೆಸರು. ಈ ಸತ್ಯ ಹೊಳೆದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಜಪಾನಿನಲ್ಲಂತೂ ಇದಕ್ಕೆ ಸರ್ಕಾರದ ಮುದ್ರೆಯೇ ಇದೆ. 1982ರಲ್ಲಿ ಅಲ್ಲಿನ ಅರಣ್ಯ ಇಲಾಖೆ ‘ಷಿನ್ರಿನ್ ಯೊಕು’ ಎಂಬ ಮಾತನ್ನು ಬಳಕೆಗೆ ತಂದಿತು. ಅಂದರೆ ಅರಣ್ಯ ಸ್ನಾನ. ಓಡಬೇಕಿಲ್ಲ, ಬೆಟ್ಟ ಹತ್ತಬೇಕಿಲ್ಲ. ಮರಗಳ ನಡುವೆ ನಿಧಾನವಾಗಿ ನೋಡುತ್ತಾ, ಕೇಳುತ್ತಾ, ಮೂಸುತ್ತಾ ಇದ್ದರೆ ಸಾಕು. ಇಷ್ಟನ್ನೂ ಹೆಂಡತಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಒಳಗೆ ಹೋಗಿ ಒಂದು ಟವೆಲ್ ತಂದು ಕೈಗಿಟ್ಟಳು.

“ಸ್ನಾನಕ್ಕೆ ಅಂದ್ರಲ್ಲ.”

ಹೀಗೆ ಒಂದು ಭಾನುವಾರ ಬೆಳಿಗ್ಗೆ ನೋಟ್‌ಬುಕ್, ಪೆನ್ನು, ಟವೆಲ್ ಸಮೇತ ಕೆರೆಯ ಪಕ್ಕದ ಮರಗಳ ನಡುವೆ ಹೋಗಿ ಕೂತೆ. ಫೋನನ್ನು ಮನೆಯಲ್ಲೇ ಬಿಟ್ಟಿದ್ದೆ. ಈ ತ್ಯಾಗವನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲ ಅನ್ನೋದು ಬೇರೆ ಮಾತು.

ಮೊದಲು ದೀರ್ಘವಾಗಿ ಉಸಿರಾಡಬೇಕು ಅಂತ ಎಲ್ಲೋ ಕೇಳಿದ್ದೆ. ಕಣ್ಣು ಮುಚ್ಚಿ, ಹೊಟ್ಟೆಯ ತಳದಿಂದ ಉಸಿರೆಳೆದು, ನಿಧಾನವಾಗಿ ಬಿಟ್ಟೆ. ಹತ್ತನೆಯ ಉಸಿರಿಗೆ ಕಿವಿಯ ಹತ್ತಿರ ಸಂಗೀತ ಶುರುವಾಯಿತು. ಸೊಳ್ಳೆಗಳು ನಮ್ಮನ್ನು ಹುಡುಕುವುದೇ ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನ ಜಾಡು ಹಿಡಿದು. ನಾನೋ ಮನಸ್ಸಿನ ಶಾಂತಿಗೆಂದು ಅದನ್ನು ಬುಸುಬುಸು ಊದುತ್ತಾ ಕೂತಿದ್ದೆ. ಮದುವೆ ಮನೆಯ ಧ್ವನಿವರ್ಧಕ ಕೂಡ ಇಷ್ಟು ಚೆನ್ನಾಗಿ ಕರೆಯುವುದಿಲ್ಲ. ಟವೆಲ್ ಬೀಸಿದೆ. ಅದು ಇಷ್ಟು ಬೇಗ ಕೆಲಸಕ್ಕೆ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಹೋಗಲಿ, ಅಂಗಾತ ಮಲಗಿ ಬರೆಯೋಣ ಅಂತ ಟವೆಲ್ ಹಾಸಿದೆ. ಮೇಲೆ ಎಲೆಗಳ ಸಂದಿಯಲ್ಲಿ ಆಕಾಶ. ತಕ್ಷಣ ಒಂದು ಸಾಲು ಬಂತು. ನೋಟ್‌ಬುಕ್ಕನ್ನು ಮುಖದ ಮೇಲೆ ಎತ್ತಿ ಹಿಡಿದು “ಏಕಾಂತವೇ, ನೀನೇ ನನ್ನ” ಅಂತ ಬರೆಯುವಷ್ಟರಲ್ಲಿ ಪೆನ್ನು ನಿಂತಿತು. ಬಾಲ್ ಪೆನ್ನಿನ ಶಾಯಿ ತುದಿಯ ಪುಟ್ಟ ಗುಂಡಿನವರೆಗೆ ಇಳಿದು ಬರಬೇಕಾದರೆ ಮೊನೆ ಕೆಳಗಿರಬೇಕು. ತಲೆಕೆಳಗಾಗಿ ಹಿಡಿದರೆ ನಾಲ್ಕಾರು ಅಕ್ಷರಕ್ಕೇ ಮುಷ್ಕರ. ಎದ್ದು ಕೂತು ಪೆನ್ನು ಕೊಡವಿ ಸರಿ ಮಾಡಿಕೊಂಡೆ. ಅಷ್ಟರಲ್ಲಿ ಉಳಿದದ್ದು ಮರೆತಿತ್ತು. ಏಕಾಂತ ನನ್ನ ಏನು ಅನ್ನೋದು ಇವತ್ತಿಗೂ ಗೊತ್ತಾಗಿಲ್ಲ.

ಮತ್ತೆ ಮಲಗಿದಾಗ ಕಣ್ಣಿಗೆ ಬಿದ್ದದ್ದು, ಕೈಗೆಟಕುವ ಕೊಂಬೆಯಲ್ಲಿ ಎಲೆಗಳನ್ನು ಸೇರಿಸಿ ಹೊಲಿದ ಒಂದು ಚೆಂಡು. ಚಗಳಿ, ಕೆಂಜಗ ಅಂತೆಲ್ಲ ಕರೆಯುತ್ತಾರಲ್ಲ, ಆ ಕೆಂಪಿರುವೆಯ ಗೂಡು. ಇದರ ಕಥೆ ನನಗೆ ಬಹಳ ಇಷ್ಟ. ಒಂದಷ್ಟು ಇರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಎಳೆದು ಹಿಡಿಯುತ್ತವೆ. ಉಳಿದವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತಂದು ಲಾಳಿಯ ಹಾಗೆ ಆಚೆ ಈಚೆ ಆಡಿಸುತ್ತವೆ. ಮರಿಯ ಬಾಯಿಂದ ಬರುವ ರೇಷ್ಮೆಯ ಎಳೆಯೇ ಹೊಲಿಗೆಯ ದಾರ. ಹಾಲು ಕುಡಿಯುವ ವಯಸ್ಸಿಗೇ ಕೆಲಸಕ್ಕೆ ಹಚ್ಚುವ ಮನೆತನ ಅನ್ನಿ. ಆಹಾ ಅಂತ ಇನ್ನೂ ಸ್ವಲ್ಪ ಹತ್ತಿರ ಹೋಗಿ ನೋಡಿದೆ. ಕೊಂಬೆ ಅಲುಗಿರಬೇಕು. ಈ ಇರುವೆ ಬರೀ ಕಚ್ಚುವುದಿಲ್ಲ, ಕಚ್ಚಿದ ಜಾಗಕ್ಕೆ ಫಾರ್ಮಿಕ್ ಆಮ್ಲವನ್ನೂ ಚಿಮ್ಮಿಸುತ್ತದೆ. ಇದೂ ನನಗೆ ಮೊದಲೇ ಗೊತ್ತಿತ್ತು. ಗೊತ್ತಿರುವುದರಿಂದ ಉರಿಯೇನೂ ಕಡಿಮೆಯಾಗುವುದಿಲ್ಲ.

ಕುತ್ತಿಗೆ ಕೆರೆದುಕೊಳ್ಳುತ್ತಾ ಮರಗಳ ಸಹವಾಸವೇ ಬೇಡ ಅಂತ ಕೆರೆಯಂಚಿನ ಬಯಲಿಗೆ ಬಂದೆ. ಬರೀ ಕಲ್ಲು, ಒಣಹುಲ್ಲು. ಟವೆಲ್ ಹಾಸಿ ಕೂತದ್ದೇ ತಡ, ಒಂದು ಹಕ್ಕಿ ಹಾಡತೊಡಗಿತು. ಕಪ್ಪು ತಲೆ, ಕಣ್ಣಿನ ಮುಂದೆ ಕೆಂಪು ಕುಂಕುಮದಂಥ ತೊಗಲು, ಉದ್ದನೆಯ ಹಳದಿ ಕಾಲು. ಕೆಂಪು ಟಿಟ್ಟಿಭ. ನನ್ನ ಸುತ್ತಲೇ ಓಡಾಡುತ್ತದೆ, ಹಾರುತ್ತದೆ, ಮತ್ತೆ ಬಂದು ನನ್ನ ಮುಖ ನೋಡಿಯೇ ಕೂಗುತ್ತದೆ. ಕೊನೆಗೂ ಪ್ರಕೃತಿ ನನ್ನ ಜೊತೆ ಮಾತಾಡಿತು! ರೋಮಾಂಚನವಾಯಿತು. ಒಂದೇ ಉಸಿರಿಗೆ ಎಂಟು ಸಾಲು ಬರೆದೆ. “ಬಾ ಬಾ ಅತಿಥಿಯೆ ಎಂದಿತು ಹಕ್ಕಿ” ಅಂತ ಶುರು.

ಒಂಬತ್ತನೆಯ ಸಾಲಿಗೆ ಅದರ ಜೋಡಿಯೂ ಬಂತು. ಎರಡೂ ಸೇರಿ ನನ್ನ ತಲೆಯ ಮೇಲೆ ಎರಗತೊಡಗಿದವು. ಒಂದು ಸಲ ಟವೆಲ್ ಮೇಲೆ ಬಿಳಿಯದೇನೋ ಬಿತ್ತು. ಆಗ ನೋಡಿದೆ. ನನ್ನ ಕಾಲಿನಿಂದ ಎರಡು ಮಾರು ದೂರದಲ್ಲಿ ನಾಲ್ಕು ಕಲ್ಲುಗಳು ತಲೆಗೆ ತಲೆ ಕೊಟ್ಟು ಮಲಗಿದ್ದವು. ಕಲ್ಲಲ್ಲ, ಮೊಟ್ಟೆ. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಬಯಲಿನಲ್ಲೇ ಮಣ್ಣು ಕೆದಕಿ ಮೊಟ್ಟೆ ಇಡುತ್ತದೆ. ನೆಲದ ಬಣ್ಣವೇ ಅದಕ್ಕೆ ಗೋಡೆ, ಬಾಗಿಲು ಎಲ್ಲ. ನಾನು ಹೋಗಿ ಕೂತದ್ದು ಅವರ ಬಾಣಂತಿ ಕೋಣೆಯಲ್ಲಿ.

ಯೋಚಿಸಿ ನೋಡಿದರೆ ಆ ಬೆಳಿಗ್ಗೆ ಅಲ್ಲಿದ್ದವರೆಲ್ಲ ಮಕ್ಕಳ ಕೆಲಸದಲ್ಲೇ ಇದ್ದರು. ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ, ಅದೂ ಮೊಟ್ಟೆಗಾಗಿ. ಇರುವೆಗೆ ಗೂಡಿನ ಚಿಂತೆ. ಹಕ್ಕಿಯದಂತೂ ಹೇಳುವುದೇ ಬೇಡ. ಕೆಲಸ ಇಲ್ಲದೆ ಬಂದವನು ನಾನೊಬ್ಬನೇ. ಅವರ ಗಲಾಟೆಗೆಲ್ಲ ಕಾರಣವೂ ನಾನೇ.

ಟವೆಲ್ ತಲೆಗೆ ಸುತ್ತಿ, ಬಗ್ಗಿಕೊಂಡು, ದೂರದ ಬಂಡೆಯ ಹಿಂದೆ ಹೋಗಿ ನಿಂತೆ. ಕೂಗು ನಿಂತಿತು. ಎಂಥ ನಿಶ್ಶಬ್ದ ಅಂತೀರಿ! ನಾನು ಬಂದದ್ದೇ ಇದಕ್ಕೆ ಅಲ್ವಾ? ಬಿಸಿಲು ಏರಿತ್ತು. ಒಂದು ಹಕ್ಕಿ ಕೆರೆಯ ಅಂಚಿಗೆ ಹೋಗಿ ನೀರಿನಲ್ಲಿ ಹೊಟ್ಟೆಯ ಗರಿಗಳನ್ನು ಚೆನ್ನಾಗಿ ಒದ್ದೆ ಮಾಡಿಕೊಂಡಿತು. ಓಡಿ ಬಂದು ಮೊಟ್ಟೆಗಳ ಮೇಲೆ ಕೂತಿತು. ಬಿಸಿಲಿಗೆ ಮೊಟ್ಟೆ ಬೇಯದಿರಲಿ ಅಂತ ತಂಪು ಮಾಡುವ ಉಪಾಯ ಇದು. ಆವತ್ತು ಅಲ್ಲಿ ಸ್ನಾನ ಅಂತ ಮಾಡಿದ್ದು ಅದೊಂದೇ. ಎಷ್ಟು ಹೊತ್ತು ನೋಡುತ್ತಾ ನಿಂತಿದ್ದೆನೋ ಗೊತ್ತಿಲ್ಲ. ನೋಟ್‌ಬುಕ್ ಕಂಕುಳಲ್ಲೇ ಇತ್ತು. ಬರೆಯಲು ಮರೆತೆ.

ಮನೆಗೆ ಬಂದು ಕವಿತೆ ತಿದ್ದಲು ಕೂತೆ. ‘ಬಾ ಬಾ’ ಅನ್ನುವುದು ಸುಳ್ಳಲ್ವಾ? ‘ಹೋಗು ಹೋಗು’ ಅಂತ ಹಾಕಿದೆ. ಎರಡು ಮಾತ್ರೆ ಜಾಸ್ತಿಯಾಗಿ ಲಯ ಕುಂಟಿತು. ಆಮೇಲೆ ‘ನಡಿ ನಡಿ’ ಹೊಳೆಯಿತು. ನಾಲ್ಕಕ್ಕೆ ನಾಲ್ಕು, ಸರಿಯಾಗಿ ಕೂತಿತು. ಖುಷಿಯಿಂದ ಹೆಂಡತಿಗೆ ಓದಿ ಹೇಳಿದೆ.

“ನಡಿ ನಡಿ ಅತಿಥಿಯೆ ಎಂದಿತು ಹಕ್ಕಿ.”

“ಪಾಪ, ಅದಕ್ಕೂ ಗೊತ್ತಾಯ್ತು” ಅಂದಳು. ಅವಳ ಕಣ್ಣು ಟವೆಲ್ ಮೇಲಿತ್ತು. “ನಿಮ್ಮ ಸ್ನಾನ ಆಯ್ತಲ್ಲ. ಈಗ ಅದಕ್ಕೂ ಒಂದು ಮಾಡಿಸಿ.”

ಬಕೆಟ್ ತುಂಬಿಸಿ ಟವೆಲ್ ಬಿಡಿಸಿದೆ. ಮಡಿಕೆಯೊಳಗಿಂದ ಒಂದು ಕೆಂಪಿರುವೆ ಹೊರಬಂದು ಸುತ್ತ ನೋಡಿತು. ಆಮೇಲೆ ನನ್ನ ಹೆಬ್ಬೆರಳು ಹಿಡಿಯಿತು.