ಮಳೆಗಾಲ ಬಂತಂತೆ, ಯಾರ ಮನೆಗೆ?

ಮಗಳಿಗೆ ಶಾಲೆಯಲ್ಲಿ ಹೋಂವರ್ಕ್ ಕೊಟ್ಟಿದ್ದರು. ಮೂರು ಕಾಲಗಳ ಚಿತ್ರ ಬರೆದು ಬಣ್ಣ ಹಚ್ಚಬೇಕು. ಅಂಗಡಿಯಿಂದ ತಂದ ಚಾರ್ಟ್ ಮುಂದಿಟ್ಟುಕೊಂಡು ಕೂತಿದ್ದಳು. ಅದರಲ್ಲಿ ಚಳಿಗಾಲ ಅಂದರೆ ಹಿಮದ ಗೊಂಬೆ, ಮೂಗಿಗೆ ಕ್ಯಾರೆಟ್. ಮಳೆಗಾಲ ಅಂದರೆ ಜೂನ್ ತಿಂಗಳು, ಹಳದಿ ರೇನ್‌ಕೋಟು, ಕಾಗದದ ದೋಣಿ. ನಾವಿರುವುದು ಮೈಸೂರಿನ ವಿಜಯನಗರದಲ್ಲಿ. ಕಿಟಕಿಯಾಚೆ ಜೂನ್ ತಿಂಗಳ ಗಾಳಿ ಬೀಸುತ್ತಿತ್ತು. ಮೋಡ ಓಡುತ್ತಿತ್ತು. ರಸ್ತೆ ಮಾತ್ರ ಒಣಗಿ ಕೂತಿತ್ತು.

"ಅಪ್ಪಾ, ಇದು ಮಳೆಗಾಲ ಅಲ್ವಾ? ಮಳೆ ಎಲ್ಲಿ?" ಅಂದಳು.

ಅವಳಿಗೆ ಉತ್ತರ ಹೇಳಲು ಹೋಗಿ ಇಷ್ಟುದ್ದದ ಬರಹ ಆಯಿತು. ಬಿಡುವಿದ್ದಾಗ ಓದಿ.

ಮೈಸೂರಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್ ಮಳೆ. ಜೋರು ಮಳೆ ನಮಗೆ ಬರುವುದು ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಪುಸ್ತಕದಲ್ಲಿ ಮಳೆಗಾಲದ ನಡುಮನೆ ಅಂತ ಇರುವ ಜೂನ್, ಜುಲೈ ತಿಂಗಳು ನಮ್ಮಲ್ಲಿ ಮೇಗಿಂತ ಸಪ್ಪೆ. ಅರಬ್ಬಿ ಸಮುದ್ರದಿಂದ ಬರುವ ಮೋಡ ಪಶ್ಚಿಮ ಘಟ್ಟ ಹತ್ತುವಾಗಲೇ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಘಟ್ಟ ಇಳಿದು ನಮ್ಮ ಕಡೆ ಬರುವಷ್ಟರಲ್ಲಿ ಉಳಿದಿರುವುದು ಗಾಳಿ ಮತ್ತು ಒಂದಿಷ್ಟು ಸೋನೆ. ಮೇ ಮಳೆಯ ಕಥೆ ಬೇರೆ. ನೆಲ ಕಾದು, ಬಿಸಿಗಾಳಿ ಮೇಲೇರಿ, ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. ಸಂಜೆ ಹೊತ್ತಿಗೆ ಗುಡುಗು, ಸಿಡಿಲು, ಒಮ್ಮೊಮ್ಮೆ ಆಲಿಕಲ್ಲು. ಅರ್ಧ ಗಂಟೆಯಲ್ಲಿ ಗುಲ್‌ಮೊಹರ್ ಕೊಂಬೆ ಮುರಿದು ಕಾರಿನ ಮೇಲೆ, ಕರೆಂಟು ಹೋಗಿ ಮನೆಯೊಳಗೆ ಕತ್ತಲೆ. ಅಂದರೆ ನಮ್ಮ ಮಕ್ಕಳು ಕಾಗದದ ದೋಣಿ ಬಿಡುವ ಕಾಲ ಬೇಸಿಗೆ ರಜೆ. ಇಲ್ಲದಿದ್ದರೆ ದಸರಾ ರಜೆ. ದಸರಾ ವಸ್ತುಪ್ರದರ್ಶನಕ್ಕೆ ಹೊಸ ಚಪ್ಪಲಿ ಹಾಕಿಕೊಂಡು ಹೋಗಿ ಕೆಸರಲ್ಲಿ ಕಾಲು ಹೂತುಕೊಂಡ ಮೈಸೂರಿನವರು ಇದನ್ನು ಒಪ್ಪುತ್ತೀರಿ.

ನನ್ನ ಹೆಂಡತಿ ತೀರ್ಥಹಳ್ಳಿ ಕಡೆಯವಳು. ಮದುವೆಯಾದ ಹೊಸದರಲ್ಲಿ, ಜೂನ್ ಕೊನೆಯಲ್ಲಿ ಒಂದು ದಿನ ಬಾಲ್ಕನಿಯಲ್ಲಿ ನಿಂತು, "ಇಲ್ಲಿ ಮಳೆಗಾಲ ಯಾವಾಗ ಶುರು?" ಅಂತ ಕೇಳಿದ್ದಳು. ಹಿಂದಿನ ರಾತ್ರಿಯೆಲ್ಲ ಜಿಟಿಜಿಟಿ ಅಂತ ಹನಿದಿತ್ತು. ನಾನು ದೊಡ್ಡ ಹೆಮ್ಮೆಯಿಂದ "ಶುರುವಾಗಿದೆಯಲ್ಲ, ನೋಡಲಿಲ್ವಾ?" ಅಂದೆ. ಅವಳು ನಕ್ಕಿದ್ದು ಇನ್ನೂ ನೆನಪಿದೆ. ಅವಳ ಊರಿಗೆ ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಜುಲೈ ಒಂದೇ ತಿಂಗಳಲ್ಲಿ ಬೀಳುವುದು ನಮ್ಮ ಎರಡು ವರ್ಷದ ಮಳೆಗಿಂತ ಹೆಚ್ಚು. ಅಲ್ಲಿ ಮಳೆ 'ಬರುವುದಿಲ್ಲ', 'ಹಿಡಿಯುತ್ತದೆ'. ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ, ಹಾಗಾಗಿ ಶಾಲೆಯ ಯೂನಿಫಾರ್ಮಿಗೆ ಹೊಗೆ ವಾಸನೆ. ಮಳೆಗಾಲಕ್ಕೆ ಅಂತ ಬೇಸಿಗೆಯಲ್ಲೇ ಹಲಸಿನ ಹಪ್ಪಳ ಒಣಗಿಸಿ ಡಬ್ಬಿ ತುಂಬಿಸಿಡಬೇಕು, ಸೌದೆ ಕೊಟ್ಟಿಗೆ ಸೇರಬೇಕು. ಅವಳಿಗೆ ಮಳೆಗಾಲ ಅಂದರೆ ಒಂದು ದೊಡ್ಡ ತಯಾರಿ. ನಮಗೆ ತಯಾರಿ ಏನು? ಛತ್ರಿ ಎಲ್ಲಿಟ್ಟೆವು ಅಂತ ಹುಡುಕುವುದು.

ಒಂದು ಆಷಾಢ ಶುಕ್ರವಾರ ಇಬ್ಬರೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆವು. ಕೆಳಗೆ ಪಾದದ ಹತ್ತಿರ ಸುಮ್ನೆ ಮೋಡ. ಮೇಲೆ ಹೋಗುತ್ತಿದ್ದ ಹಾಗೆ ಮಂಜು, ತುಂತುರು, ಸೀರೆ ಹಾರಿಸುವ ಗಾಳಿ. ತುದಿ ಮುಟ್ಟಿದಾಗ ಅವಳು "ಈಗ ನಮ್ಮೂರಿನ ಥರ ಇದೆ" ಅಂದಳು. ಸಾವಿರ ಮೆಟ್ಟಿಲಿನ ಅಂತರದಲ್ಲೇ ಕಾಲ ಬದಲಾಗುತ್ತದೆ ಅಂದರೆ, ಇಡೀ ರಾಜ್ಯಕ್ಕೆ ಒಂದೇ ಮಳೆಗಾಲ ಅಂತ ಹೇಗೆ ಹೇಳುವುದು?

ಆದರೆ ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದು ನಮ್ಮಪ್ಪನ ಮಳೆಗಾಲದ ಬಗ್ಗೆ.

ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ, ನಾಲೆಯ ಕೊನೆ ಭಾಗದಲ್ಲಿದೆ. ಕನ್ನಂಬಾಡಿ ಕಟ್ಟೆಯಿಂದ, ಅಂದರೆ ಕೆಆರ್‌ಎಸ್ ಅಣೆಕಟ್ಟಿನಿಂದ ಹೊರಟು, ಹುಲಿಕೆರೆ ಸುರಂಗ ದಾಟಿ, ಹತ್ತಾರು ಕವಲಾಗಿ ಒಡೆದು ಬರುವ ವಿಶ್ವೇಶ್ವರಯ್ಯ ನಾಲೆಯ ನೀರು. ನಮ್ಮ ಕಡೆ ವಿಸಿ ನಾಲೆ ಅಂದರೆ ಸಾಕು. ನಮ್ಮಪ್ಪ ಮಳೆಗಾಗಿ ಆಕಾಶ ನೋಡಿದ್ದು ಕಡಿಮೆ. ಪೇಪರಿನ ಮೂಲೆ ನೋಡಿದ್ದೇ ಜಾಸ್ತಿ. ಮಂಡ್ಯ, ಮೈಸೂರಿನ ಪುಟಗಳಲ್ಲಿ ದಿನಾ ಒಂದು ಚಿಕ್ಕ ಚೌಕ ಬರುತ್ತದಲ್ಲ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಅದೇ ಅವರ ಪಂಚಾಂಗ. ಊರಲ್ಲಿ ಇವತ್ತು ಎಷ್ಟು ಡಿಗ್ರಿ ಬಿಸಿಲು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಕಟ್ಟೆಯಲ್ಲಿ ಎಷ್ಟು ಅಡಿ ಇದೆ ಅಂತ ಕೇಳಿ, ಟೀ ಅಂಗಡಿ ಹುಡುಗನೂ ದಶಮಾಂಶ ಸಮೇತ ಹೇಳುತ್ತಾನೆ. ನಮ್ಮಪ್ಪ ಓದಿದ್ದು ಏಳನೇ ಕ್ಲಾಸು. ಆದರೆ ಹನ್ನೊಂದೂವರೆ ಸಾವಿರ ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ ನೀರು) ಒಂದು ದಿನ ಪೂರ್ತಿ ಹರಿದು ಬಂದರೆ ಕಟ್ಟೆಗೆ ಒಂದು ಟಿಎಂಸಿ (ನೂರು ಕೋಟಿ ಘನ ಅಡಿ) ಸೇರಿತು ಅನ್ನುವ ಲೆಕ್ಕ ಬೆರಳ ತುದಿಯಲ್ಲಿತ್ತು. ಕಟ್ಟೆ ಹಿಡಿಯುವುದು 49 ಟಿಎಂಸಿ ಚಿಲ್ಲರೆ. ಉಳಿದ ಲೆಕ್ಕ ಮನಸ್ಸಲ್ಲೇ.

ಆ ನೀರು ನಮ್ಮೂರ ಮೇಲೆ ಬಿದ್ದದ್ದಲ್ಲ. ಅದು ಕೊಡಗಿನಲ್ಲಿ, ತಲಕಾವೇರಿ, ಭಾಗಮಂಡಲದ ಬೆಟ್ಟದಲ್ಲಿ ಬಿದ್ದ ಮಳೆ. ಹೇಮಾವತಿ ತರುವ ಮಲೆನಾಡಿನ ಮಳೆ. ಲಕ್ಷ್ಮಣತೀರ್ಥ ತಂದದ್ದು ಒಂದಿಷ್ಟು. ಹಾಗಾಗಿ ಜುಲೈ ತಿಂಗಳಲ್ಲಿ ಮಂಡ್ಯದ ರೈತರಿಗೆ ತಮ್ಮ ತಲೆ ಮೇಲಿನ ಮೋಡಕ್ಕಿಂತ ಮಡಿಕೇರಿಯ ಮೋಡ ಮುಖ್ಯ. ಕೊಡಗಿನಲ್ಲಿ ಗುಡ್ಡ ಕುಸಿಯಿತು, ರಸ್ತೆ ಬಂದ್ ಆಯಿತು ಅಂತ ಟಿವಿಯಲ್ಲಿ ಬರುತ್ತಿದ್ದರೆ, ನಮ್ಮೂರ ಅರಳಿಕಟ್ಟೆಯ ಮೇಲೆ ಕೂತವರ ಮುಖದಲ್ಲಿ ಸಮಾಧಾನ. ನನಗೆ ಇದು ಒಂಥರಾ ಮುಜುಗರದ ಸಂಗತಿ. ಅಲ್ಲಿ ಯಾರದೋ ಮನೆ ಗೋಡೆ ಬೀಳುವಾಗ ಇಲ್ಲಿ ನಾವು ಒಟ್ಲು (ಭತ್ತದ ಸಸಿಮಡಿ) ಬಿಡುವ ದಿನ ಲೆಕ್ಕ ಹಾಕುತ್ತಿರುತ್ತೇವೆ. ಯಾರೂ ಕೆಟ್ಟವರಲ್ಲ. ನಮ್ಮ ಮಳೆ ಅವರ ಊರಲ್ಲಿ ಬೀಳುತ್ತದೆ, ಅಷ್ಟೇ.

2023ರಲ್ಲಿ ಕಟ್ಟೆ ತುಂಬಲಿಲ್ಲ. ನಮ್ಮ ಗದ್ದೆ ಮೇಲೆ ಆ ವರ್ಷವೂ ಒಂದೆರಡು ಒಳ್ಳೆ ಮಳೆ ಬಿದ್ದಿತ್ತು. ಆದರೂ ಅಪ್ಪ ಕೇಳಿದವರಿಗೆಲ್ಲ "ಈ ಸಲ ಮಳೆಗಾಲವೇ ಬರಲಿಲ್ಲ" ಅನ್ನುತ್ತಿದ್ದರು. 2025ರಲ್ಲಿ ಉಲ್ಟಾ. ಜೂನ್ ಮುಗಿಯುವ ಮೊದಲೇ ಕಟ್ಟೆ ತುಂಬಿ, 30ನೇ ತಾರೀಖು ಮುಖ್ಯಮಂತ್ರಿಗಳು ಬಾಗಿನ ಬಿಟ್ಟರು. ಕಟ್ಟೆಯ ಚರಿತ್ರೆಯಲ್ಲೇ ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು ಅಂತ ಪೇಪರಿನಲ್ಲಿ ಬಂದಾಗ ಅಪ್ಪ ಆ ಪುಟ ಹರಿದಿಟ್ಟುಕೊಂಡರು. ಅವತ್ತು ನಮ್ಮೂರಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಅಪ್ಪನಿಗೆ ಮಾತ್ರ ಭರ್ತಿ ಮಳೆಗಾಲ.

ನಾಲೆಯ ಕೊನೆಯವರಿಗೆ ಇನ್ನೊಂದು ಪಾಡಿದೆ. ಪೇಪರಿನಲ್ಲಿ ನಾಲೆಗೆ ನೀರು ಬಿಟ್ಟರು ಅಂತ ಬಂದ ದಿನ ನಮಗೆ ನೀರು ಬಂದಿರುವುದಿಲ್ಲ. ಮೇಲಿನವರ ಗದ್ದೆ ತುಂಬಿ, ನಡುವಿನವರದ್ದು ತುಂಬಿ, ಆಮೇಲೆ ನಾವು. ಒಂದು ವರ್ಷ ಒಟ್ಲು ಬಿಟ್ಟು ಇಪ್ಪತ್ತು ದಿನಕ್ಕೆ ನೀರು ನಿಂತುಹೋಯಿತು. ಪೈರು ಕೆಂಪಗಾಯಿತು. ಅಪ್ಪ ಯಾರನ್ನೂ ಬೈಯಲಿಲ್ಲ, ಟವೆಲ್ ಹೆಗಲಿಗೆ ಹಾಕಿಕೊಂಡು ದಿನಾ ನಾಲೆ ಏರಿ ಮೇಲೆ ಹೋಗಿ ನಿಂತು ಬರುತ್ತಿದ್ದರು. ಮೇಲಿನ ಊರಿನಲ್ಲಿ ನಾಟಿ ಮುಗಿದಿತ್ತು. ಒಂದೇ ನಾಲೆ, ಅವರಿಗೆ ಮಳೆಗಾಲ, ನಮಗೆ ಬೇಸಿಗೆ.

ಅಮ್ಮನ ತವರು ನಾಗಮಂಗಲದ ಕಡೆ. ಅದೂ ಮಂಡ್ಯ ಜಿಲ್ಲೆಯೇ, ಬಸ್ಸಲ್ಲಿ ಎರಡು ಗಂಟೆ. ಆದರೆ ಅಲ್ಲಿ ನಾಲೆಯಿಲ್ಲ. ರಾಗಿ, ಹುರುಳಿ, ಒಂದಿಷ್ಟು ತೆಂಗು. ಅಲ್ಲಿ ಅಜ್ಜ ತಲೆ ಎತ್ತಿ ಆಕಾಶವನ್ನೇ ನೋಡುತ್ತಿದ್ದರು. ಅವರಿಗೆ ವರ್ಷದಲ್ಲಿ ಮೂರು ಕಾಲವೂ ಇರಲಿಲ್ಲ, ಆರು ಋತುವೂ ಇರಲಿಲ್ಲ. ಹದಿಮೂರು ಹದಿನಾಲ್ಕು ದಿನಕ್ಕೊಂದು ನಕ್ಷತ್ರದ ಹೆಸರಿನ ಮಳೆ ಇತ್ತು. ಏಪ್ರಿಲ್ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ, ಆಮೇಲೆ ರೋಹಿಣಿ, ಮೃಗಶಿರ, ಜೂನ್ 22ರ ಸುಮಾರಿಗೆ ಆರಿದ್ರ. ಭರಣಿ ಮಳೆ ಧರಣಿ ಬೆಳೆ. ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ. ಮೊದಲ ಮಳೆಗೆ ಎಳ್ಳು ಚೆಲ್ಲುವುದು, ಮುಂದಿನ ಮಳೆಗಳಿಗೆ ರಾಗಿ. ಭರಣಿ ಅವರಿಗೆ ಬೇಸಿಗೆಯೂ ಅಲ್ಲ, ಮಳೆಗಾಲವೂ ಅಲ್ಲ. ಅದು ಭರಣಿ. ನಮ್ಮ ಮೇ ತಿಂಗಳ ಮಳೆಗೆ ಹೆಸರಿಟ್ಟು ಲೆಕ್ಕಕ್ಕೆ ತೆಗೆದುಕೊಂಡವರು ಅವರು. ನಾವು ಅದನ್ನು 'ಅಕಾಲಿಕ ಮಳೆ' ಅಂತ ಸುದ್ದಿಯಲ್ಲಿ ಓದುತ್ತೇವೆ. ವರ್ಷಾ ವರ್ಷಾ ಬರುವ ಮಳೆ ಅಕಾಲಿಕ ಹೇಗಾಯಿತೋ ನನಗಂತೂ ಅರ್ಥವಾಗಿಲ್ಲ.

ಅಮ್ಮ ಮದುವೆಯಾಗಿ ನಮ್ಮೂರಿಗೆ ಬಂದಾಗ ಅವಳಿಗೆ ವಿಚಿತ್ರ ಅನ್ನಿಸಿದ್ದು ಕಪ್ಪೆ. ಮಾರ್ಚ್ ತಿಂಗಳ ಸುಡು ಬಿಸಿಲು, ರಾತ್ರಿಯಾದರೆ ಬೇಸಿಗೆ ಭತ್ತದ ಗದ್ದೆಯಲ್ಲಿ ಕಪ್ಪೆ ವಟರ್ ವಟರ್. ತವರಲ್ಲಿ ಕಪ್ಪೆ ಕೂಗಿದರೆ ಮಳೆ ಬಂತು ಅಂತ. ಇಲ್ಲಿ ನಾಲೆಗೆ ನೀರು ಬಂತು ಅಂತ. ಮೊದಲ ವರ್ಷ ರಾತ್ರಿ ಎದ್ದು ಅಂಗಳದಲ್ಲಿದ್ದ ಹಪ್ಪಳ ಒಳಗೆ ತಂದಿದ್ದಳಂತೆ. ಆಕಾಶದ ತುಂಬ ನಕ್ಷತ್ರ ಇತ್ತಂತೆ.

ಆಫೀಸಿನಲ್ಲಿ ರಾಯಚೂರಿನ ಸಹೋದ್ಯೋಗಿಯೊಬ್ಬರಿದ್ದಾರೆ. ಏಪ್ರಿಲ್‌ನಲ್ಲಿ ನಾವೆಲ್ಲ ಸೆಕೆ ಸೆಕೆ ಅಂತ ಫ್ಯಾನ್ ಕೆಳಗೆ ಕೂತಾಗ ಅವರು "ಇಲ್ಲಿ ಬ್ಯಾಸಗಿನೇ ಇಲ್ಲ ಬಿಡ್ರಿ" ಅನ್ನುತ್ತಾರೆ. ಅವರ ಕಡೆ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ನಮ್ಮ ಬೇಸಿಗೆಗೆ ಅಂಥ ಮರ್ಯಾದೆ ಯಾರೂ ಕೊಟ್ಟಿಲ್ಲ. ಡಿಸೆಂಬರಿನಲ್ಲಿ ನಮ್ಮ ಸ್ವೆಟರ್ ನೋಡಿಯೂ ಅವರಿಗೆ ನಗು.

ಇನ್ನು ಲಂಡನ್ನಿನಲ್ಲಿರುವ ಚಿಕ್ಕಪ್ಪನ ಮಗ. ಅವನು ಫೋನ್ ಮಾಡಿ "ಇವತ್ತು ಹವಾ ಸೂಪರ್" ಅಂದರೆ ಬಿಸಿಲು ಬಂದಿದೆ ಅಂತ ಅರ್ಥ. ನಾನು "ಹವಾ ಸೂಪರ್" ಅಂದರೆ ಮೋಡ ಕವಿದಿದೆ ಅಂತ. ಅವನಿಗೆ ಕಾಲ ಅಂದರೆ ಬೆಳಕು. ಜೂನ್‌ನಲ್ಲಿ ರಾತ್ರಿ 9 ದಾಟಿದರೂ ಸೂರ್ಯ ಮುಳುಗಿರುವುದಿಲ್ಲ, ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ನಮ್ಮಲ್ಲಿ ಸೂರ್ಯ ಮುಳುಗುವ ಹೊತ್ತು ವರ್ಷವಿಡೀ ಸುಮಾರು ಒಂದು ಗಂಟೆಯೊಳಗೇ ಓಲಾಡುತ್ತದೆ. ಅಷ್ಟೇ ಅಲ್ಲ, ನಮಗೆ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ. ಒಮ್ಮೆ ಏಪ್ರಿಲ್ ಕೊನೆಯ ಭಾಗದಲ್ಲಿ, ಇನ್ನೊಮ್ಮೆ ಆಗಸ್ಟ್ ಮೂರನೇ ವಾರದ ಸುಮಾರಿಗೆ. ಆ ಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲಿ ಮೋಡ ಅಡ್ಡ ನಿಲ್ಲುವುದರಿಂದ ನಮಗೆ ಗೊತ್ತಾಗುವುದಿಲ್ಲ, ಇಲ್ಲದಿದ್ದರೆ ಎರಡೆರಡು ಬೇಸಿಗೆ ಅನುಭವಿಸಬೇಕಿತ್ತು. ಲಂಡನ್ನಿನ ನೆತ್ತಿ ಮೇಲೆ ಸೂರ್ಯ ಯಾವತ್ತೂ ಬರುವುದೇ ಇಲ್ಲ. ಅವನಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊಟ್ಟೆಕಿಚ್ಚು ಆದಂತಿತ್ತು.

ನಮ್ಮ ಚಳಿಗಾಲದ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ಅದಕ್ಕೆ ರುಚಿ ಇದೆ, ಸೊಗಡು ಅವರೆಕಾಯಿಯದು. ಇಬ್ಬನಿ ಬಿದ್ದರೆ ಸೊಗಡು ಏರುತ್ತದೆ ಅಂತ ನಮ್ಮ ಕಡೆಯವರ ನಂಬಿಕೆ. ಹಿದಕಬೇಳೆ ಸಾರು, ಮುದ್ದೆ, ಸಂಕ್ರಾಂತಿ ಸಂಜೆ ಹಸು ಎತ್ತು ಕಿಚ್ಚು ಹಾಯಿಸುವುದು, ಅಲ್ಲಿಗೆ ಮುಗಿಯಿತು. ನಂಜನಗೂಡಿನ ಹತ್ತಿರ ಹದಿನಾರು ಅನ್ನುವ ಊರಿನ ಕೆರೆಗೆ ಆ ಹೊತ್ತಿಗೆ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದವು. ನಾವು ಶಾಲು ಹೊದ್ದು ಅವನ್ನು ನೋಡಲು ಹೋಗುತ್ತೇವೆ. ಅವು ಚಳಿ ತಪ್ಪಿಸಿಕೊಂಡು ಇಲ್ಲಿಗೆ ಬಂದಿವೆ!

ನನ್ನ ತಕರಾರು ಇಷ್ಟೇ. ಮಕ್ಕಳಿಗೆ ಕಾಲ ಕಲಿಸುವಾಗ ಅವರ ಊರಿನ ಕಾಲ ಮೊದಲು ಕಲಿಸಿ. ಮಂಡ್ಯದ ಮಗುವಿಗೆ ಕಟ್ಟೆಯ ಮಟ್ಟ ಓದಲು ಬರಬೇಕು. ನಾಗಮಂಗಲದ ಮಗುವಿಗೆ ಮಳೆ ನಕ್ಷತ್ರದ ಹೆಸರು ಗೊತ್ತಿರಬೇಕು. ಮೈಸೂರಿನ ಮಗುವಿಗೆ ಹೊಂಗೆ ಮರ ಯಾವಾಗ ಎಲೆ ಉದುರಿಸಿ ಯಾವಾಗ ಚಿಗುರುತ್ತದೆ ಅಂತ ನೋಡಿ ಗೊತ್ತಿರಬೇಕು. ಹಿಮದ ಗೊಂಬೆ ಆಮೇಲೆ ಬರಲಿ, ಬೇಡ ಅನ್ನುವುದಿಲ್ಲ. ವಸಂತ, ಗ್ರೀಷ್ಮ, ವರ್ಷ ಅಂತ ಬಾಯಿಪಾಠ ಮಾಡಿದ್ದೂ ಇರಲಿ. ಆ ಆರು ಹೆಸರು ಕಲಿತು ನಲವತ್ತು ವರ್ಷವಾಯಿತು, ಕಿಟಕಿಯಾಚೆ ಹೇಮಂತ ಯಾವುದು ಶಿಶಿರ ಯಾವುದು ಅಂತ ನನಗೆ ಇವತ್ತಿಗೂ ಗುರುತು ಸಿಕ್ಕಿಲ್ಲ.

ಮಗಳ ಚಿತ್ರ ಮುಗಿಯಿತು. ಬೇಸಿಗೆಗೆ ಅವಳು ಆಲಿಕಲ್ಲು ಬರೆದಿದ್ದಾಳೆ, ಮುರಿದ ಕೊಂಬೆ ಸಮೇತ. ಮಳೆಗಾಲಕ್ಕೆ ತಾತ, ನಾಲೆ ಏರಿ, ಮೇಲೆ ದೊಡ್ಡ ಸೂರ್ಯ. ಪಕ್ಕದಲ್ಲಿ 124.80 ಅಂತ ನೀಲಿ ಬಣ್ಣದಲ್ಲಿ ಬರೆದು ಎರಡು ಸಲ ತಿದ್ದಿದ್ದಾಳೆ. "ಟೀಚರ್ ಮಳೆ ಎಲ್ಲಿ ಅಂತ ಕೇಳಿದ್ರೆ?" ಅಂದಳು. "ಮಡಿಕೇರಿಯಲ್ಲಿದೆ ಅನ್ನು" ಅಂದಳು ಅವಳಮ್ಮ, ಮೋಡ ನೋಡಿ ಸುಮ್ನೆ ಒಳಗೆ ತಂದಿದ್ದ ಬಟ್ಟೆಯನ್ನು ಮತ್ತೆ ತಂತಿಗೆ ಹಾಕುತ್ತಾ.